ಗಂಟಲಿನ ನಂಜು ಎದೆಗೆ ಇಳಿದಾಗ

ನಂಜನಗೂಡಿನ ಕಡೆಯವರಿಗೆ ‘ನಂಜು’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಂಜು ಎಂದರೆ ವಿಷ. ವಿಷವನ್ನು ಉಂಡವನು ನಂಜುಂಡ, ಅವನಿರುವ ಊರು ನಂಜನಗೂಡು. ಆದರೆ ಮನೆಮಾತಿನಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವೂ ಉಂಟು. ಕಾಲಿಗೆ ಮುಳ್ಳು ಚುಚ್ಚಿ ಊದಿಕೊಂಡರೆ ‘ನಂಜಾಗಿದೆ’ ಅನ್ನುತ್ತೇವೆ. ಗಾಯ ಕೆಂಪಗಾಗಿ, ಬಿಸಿಯಾಗಿ, ಬಾತುಕೊಂಡು ನೋಯತೊಡಗಿದರೆ ‘ನಂಜು ಏರಿತು’ ಎಂದು ಅಜ್ಜಿಯರು ಅರಿಸಿನ ಹುಡುಕುತ್ತಿದ್ದರು. ಕೆಂಪು, ಬಿಸಿ, ಬಾವು, ನೋವು - ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬಾತ ಉರಿಯೂತದ ಲಕ್ಷಣಗಳೆಂದು ಬರೆದಿಟ್ಟದ್ದೂ ಈ ನಾಲ್ಕನ್ನೇ. ರೋಗಾಣು ಮೈಯೊಳಗೆ ಹೊಕ್ಕರೆ ಅದು ಸೋಂಕು; ಅದನ್ನು ಎದುರಿಸಲು ಮೈ ಹೂಡುವ ಜಗಳ ಉರಿಯೂತ. ನಮ್ಮ ಹಳ್ಳಿಯ ‘ನಂಜು’ ಎರಡನ್ನೂ ಒಂದೇ ಮಾತಿನಲ್ಲಿ ಹಿಡಿದುಬಿಡುತ್ತದೆ.

ಈ ನಂಜಿಗೂ ಹೃದಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೃದ್ರೋಗವೆಂದರೆ ತುಪ್ಪ, ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮನಸ್ಸಿನ ಚಿಂತೆ ಎಂದಷ್ಟೇ ನಾವೆಲ್ಲ ತಿಳಿದವರು. ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಇಪ್ಪತ್ತೆಂಟು ವರ್ಷ ಜೀವಶಾಸ್ತ್ರ ಪಾಠ ಮಾಡಿದ ನಾನು ಕಪ್ಪುಹಲಗೆಯ ಮೇಲೆ ಹೃದಯದ ನಾಲ್ಕು ಕೋಣೆಗಳನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಪಠ್ಯದಲ್ಲಿ ಬಾಯಿ ಒಂದು ಅಧ್ಯಾಯ, ಹೃದಯ ಇನ್ನೊಂದು ಅಧ್ಯಾಯ. ಎರಡೂ ಒಂದೇ ಕಥೆಯ ಭಾಗಗಳೆಂದು ತೋರಿಸಿಕೊಟ್ಟವರು ನಮ್ಮ ಮನೆಯ ಇಬ್ಬರು.

ಮೊದಲನೆಯವಳು ನನ್ನ ಚಿಕ್ಕಮ್ಮನ ಮಗಳು. ಅವಳಿಗೆ ಹನ್ನೊಂದು ವರ್ಷವಿದ್ದಾಗ ಒಮ್ಮೆ ಜೋರಾಗಿ ಗಂಟಲು ನೋವು, ಜ್ವರ ಬಂತು. ಉಪ್ಪುನೀರಿನಲ್ಲಿ ಮುಕ್ಕಳಿಸಿ ನಾಲ್ಕು ದಿನದಲ್ಲಿ ಎದ್ದಳು. ಮೂರು ವಾರ ಕಳೆದ ಮೇಲೆ ಮಂಡಿ ಊದಿತು. ಅದು ಇಳಿಯುವಷ್ಟರಲ್ಲಿ ಪಾದದ ಗಿಣ್ಣು, ಆಮೇಲೆ ಮೊಣಕೈ. ಬೆಳೆಯುವ ಮಕ್ಕಳಿಗೆ ಬರುವ ನೋವು ಎಂದು ಎಣ್ಣೆ ತಿಕ್ಕಿದರು. ನೋವು ತಾನಾಗಿಯೇ ಹೋಯಿತು. ಎಲ್ಲರೂ ಮರೆತರು. ಮದುವೆಯಾಗಿ ನರಸೀಪುರದ ಕಡೆಗೆ ಬಂದಳು. ಮೊದಲ ಬಸುರಿನ ಏಳನೆಯ ತಿಂಗಳಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು; ರಾತ್ರಿ ಮಲಗಿದರೆ ಉಸಿರು ಕಟ್ಟಿದಂತಾಗಿ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. ಚೊಚ್ಚಲು, ರಕ್ತ ಕಡಿಮೆ ಎಂದು ಟಾನಿಕ್ ಕುಡಿಸಿದ್ದಾಯಿತು. ಕಡೆಗೆ ಮೈಸೂರಿನ ವೈದ್ಯರೊಬ್ಬರು ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಆಮೇಲೆ ಕೇಳಿದ ಪ್ರಶ್ನೆ ವಿಚಿತ್ರವಾಗಿತ್ತು: “ಚಿಕ್ಕವಳಿದ್ದಾಗ ಮಂಡಿ ಊದಿತ್ತೇನಮ್ಮ?”

ಅವಳಿಗೆ ಬಂದಿದ್ದದ್ದು ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ನೋವು ಬಂದ ಎರಡು ಮೂರು ವಾರದ ನಂತರ, ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ಇದು ಕಾಣಿಸಿಕೊಳ್ಳುತ್ತದೆ. ತಮಾಷೆಯೆಂದರೆ ರೋಗಾಣು ಹೃದಯಕ್ಕೆ ಹೋಗುವುದೇ ಇಲ್ಲ. ಅದನ್ನು ಕೊಲ್ಲಲು ಮೈ ತಯಾರಿಸಿದ ಸೈನ್ಯ ದಾರಿ ತಪ್ಪುತ್ತದೆ. ಈ ಸ್ಟ್ರೆಪ್ಟೊಕಾಕಸ್‌ನ ಹೊರಮೈಯ ಕೆಲವು ಪ್ರೋಟೀನುಗಳಿಗೂ ನಮ್ಮ ಹೃದಯದ ಅಂಗಾಂಶಕ್ಕೂ ಹೋಲಿಕೆಯುಂಟು. ಕಳ್ಳನ ಮುಖ ಹೋಲುತ್ತಾನೆಂದು ಮನೆಯವನನ್ನೇ ಬಡಿದ ಹಾಗೆ, ಮೈಯ ರಕ್ಷಣಾ ವ್ಯವಸ್ಥೆ ತನ್ನ ಹೃದಯದ ಕವಾಟಗಳನ್ನೇ ಬಡಿಯುತ್ತದೆ. ಈ ಜ್ವರ ಕೀಲನ್ನು ನೆಕ್ಕಿ ಬಿಡುತ್ತದೆ, ಹೃದಯವನ್ನು ಕಚ್ಚಿ ಹಿಡಿಯುತ್ತದೆ ಎಂಬರ್ಥದ ಹಳೆಯ ಮಾತು ವೈದ್ಯರಲ್ಲಿದೆ. ಮಂಡಿಯ ಬಾವು ಗುರುತಿಲ್ಲದೆ ಮಾಯವಾಗುತ್ತದೆ. ಕವಾಟದ ಗಾಯ ಮಾತ್ರ ಕಲೆಗಟ್ಟಿ, ವರ್ಷದಿಂದ ವರ್ಷಕ್ಕೆ ಬಿರುಸಾಗಿ, ಬಾಗಿಲು ಕಿರಿದಾಗುತ್ತದೆ. ಬಸುರಿನಲ್ಲಿ ರಕ್ತದ ಪ್ರಮಾಣ ಹೆಚ್ಚುವುದರಿಂದ ಆ ಕಿರಿದಾದ ಬಾಗಿಲು ಆಗಲೇ ಪತ್ತೆಯಾಗುವುದು.

ಇದನ್ನು ಓದಿ ತಿಳಿದಾಗ ನನಗೆ ನೆನಪಾದದ್ದು ನಂಜುಂಡೇಶ್ವರನ ಕಥೆ. ಹಾಲಾಹಲವನ್ನು ಅವನು ಕುಡಿದ, ನಿಜ. ಆದರೆ ಅದನ್ನು ಗಂಟಲಿನಿಂದ ಕೆಳಕ್ಕೆ ಇಳಿಯಗೊಡಲಿಲ್ಲ. ಪಾರ್ವತಿ ಕತ್ತನ್ನು ಒತ್ತಿ ಹಿಡಿದಳಂತೆ. ನಮ್ಮ ಮಕ್ಕಳ ವಿಷಯದಲ್ಲಿ ಆ ಕೆಲಸ ಮಾಡಬಲ್ಲದ್ದು ಪೆನ್ಸಿಲಿನ್. ಗಂಟಲು ನೋವು ಆರಂಭವಾದ ಒಂಬತ್ತು ದಿನಗಳೊಳಗೆ ಸರಿಯಾದ ಔಷಧ ಕೊಟ್ಟರೂ ರುಮ್ಯಾಟಿಕ್ ಜ್ವರವನ್ನು ಬಹುಮಟ್ಟಿಗೆ ತಡೆಯಬಹುದು. ಒಮ್ಮೆ ಜ್ವರ ಬಂದು ಹೋದವರಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನ್ಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಹಾಕಬೇಕು. ಇಲ್ಲವಾದರೆ ಪ್ರತಿ ಹೊಸ ಗಂಟಲು ನೋವೂ ಕವಾಟದ ಮೇಲೆ ಹೊಸ ಗಾಯ ಮಾಡಬಹುದು. ಬಡತನ, ಕಿಕ್ಕಿರಿದ ಮನೆ, ದೂರದ ಆಸ್ಪತ್ರೆ ಇರುವಲ್ಲೇ ಈ ರೋಗ ಬೀಡುಬಿಡುತ್ತದೆ. ಶ್ರೀಮಂತ ದೇಶಗಳಲ್ಲಿ ಬಹುಮಟ್ಟಿಗೆ ಮರೆಯಾದ ಈ ಕಾಯಿಲೆಯ ಬಗ್ಗೆ 2018ರಲ್ಲಿ ವಿಶ್ವ ಆರೋಗ್ಯ ಸಭೆ ಪ್ರತ್ಯೇಕ ನಿರ್ಣಯವನ್ನೇ ಮಾಡಬೇಕಾಯಿತು.

ನನ್ನ ತಂಗಿಯ ಪುಣ್ಯ, ಹೆರಿಗೆ ಸುಸೂತ್ರವಾಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಅವಳಿಗೆ ಬಲೂನ್ ಚಿಕಿತ್ಸೆ ನಡೆಯಿತು. ತೊಡೆಯ ರಕ್ತನಾಳದ ಮೂಲಕ ಸಣ್ಣ ಬಲೂನನ್ನು ಹೃದಯದೊಳಕ್ಕೆ ಸಾಗಿಸಿ, ಅಂಟಿಕೊಂಡ ಮೈಟ್ರಲ್ ಕವಾಟದ ನಡುವೆ ಉಬ್ಬಿಸಿ ಬಾಗಿಲನ್ನು ಬಿಡಿಸುವ ಉಪಾಯವಿದು. ಜಪಾನಿನ ಕಾಂಜಿ ಇನೋವೆ ಅವರು 1980ರ ದಶಕದ ಮೊದಲಲ್ಲಿ ಕಂಡುಹಿಡಿದ ಈ ವಿಧಾನದಲ್ಲಿ ಜಯದೇವ ಸಂಸ್ಥೆ ಲೋಕಪ್ರಸಿದ್ಧವಾಯಿತು. ಮುಂದೆ ಅದರ ನಿರ್ದೇಶಕರಾದ ಡಾ. ಸಿ.ಎನ್. ಮಂಜುನಾಥ್ ಅವರು ಈ ಚಿಕಿತ್ಸೆಯಲ್ಲಿ ಹೆಸರಾದವರು. ಇಷ್ಟೊಂದು ಬಲೂನುಗಳು ನಮ್ಮ ನಾಡಿಗೆ ಬೇಕಾದವು ಎಂಬುದು ಹೆಮ್ಮೆಯ ಸಂಗತಿಯೂ ಹೌದು, ವಿಷಾದದ ಸಂಗತಿಯೂ ಹೌದು. ಅವುಗಳ ಹಿಂದೆ ಅಷ್ಟೇ ಸಂಖ್ಯೆಯ ಮರೆತುಹೋದ ಗಂಟಲು ನೋವುಗಳಿದ್ದವು.

ಹತ್ತು ಹದಿನೈದು ವರ್ಷಗಳ ನಂತರ ಕವಾಟವನ್ನೇ ಬದಲಾಯಿಸಬೇಕಾಗಿ ಬಂತು. ಆಗ ವೈದ್ಯರು ಅವಳನ್ನು ಮೊದಲು ಕಳಿಸಿದ್ದು ದಂತವೈದ್ಯರ ಬಳಿಗೆ. “ನನಗೆ ಕೆಟ್ಟಿರುವುದು ಎದೆ, ಹಲ್ಲಲ್ಲ” ಎಂದು ಅವಳು ವಾದಿಸಿದಳಂತೆ. ಎರಡು ಹುಳುಕು ಹಲ್ಲು ಕೀಳಿಸಿ, ಒಸಡು ಗುಣಪಡಿಸಿಕೊಂಡು ಬಂದ ಮೇಲೆಯೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು.

ಅದರ ಕಾರಣ ತಿಳಿಯಲು ನಮ್ಮ ಕಪಿಲೆಯನ್ನು ನೆನೆದರೆ ಸಾಕು. ನಂಜನಗೂಡಿನ ಹದಿನಾರು ಕಾಲು ಮಂಟಪದ ಬಳಿ ನೀರಿಗೆ ಬಿಟ್ಟ ಹೂವು ನಂಜನಗೂಡಿನಲ್ಲೇ ಉಳಿಯುವುದಿಲ್ಲ. ಹರಿದು ಹರಿದು ನರಸೀಪುರದ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಒಸಡಿನ ರಕ್ತವೂ ಹಾಗೆಯೇ. ಮೈಯ ರಕ್ತ ಒಂದು ಸುತ್ತು ಬರಲು ಸುಮಾರು ಒಂದು ನಿಮಿಷ ಸಾಕು. ಬಾಯಲ್ಲಿ ಸದಾ ನೆಲೆಸಿರುವ ರೋಗಾಣುಗಳು ಹಲ್ಲು ಕೀಳುವಾಗ, ಒಸಡು ಕೆಟ್ಟಿದ್ದರೆ ಹಲ್ಲುಜ್ಜುವಾಗ, ಅಗಿಯುವಾಗಲೂ ರಕ್ತಕ್ಕೆ ನುಗ್ಗುತ್ತವೆ. ಆರೋಗ್ಯವಂತರಲ್ಲಿ ಬೇಗನೆ ನಾಶವಾಗುತ್ತವೆ. ಕಲೆಗಟ್ಟಿದ ಕವಾಟವೋ ಕೃತಕ ಕವಾಟವೋ ಇದ್ದರೆ, ನೆರೆಯಲ್ಲಿ ಬಂದ ಕಸಕಡ್ಡಿ ನಂಜನಗೂಡಿನ 1735ರ ಹಳೆಯ ಸೇತುವೆಯ ಕಂಬಗಳಿಗೆ ಸಿಕ್ಕಿಕೊಳ್ಳುವಂತೆ, ಅಲ್ಲಿಗೆ ಅಂಟಿ ಬೆಳೆಯುತ್ತವೆ. ವಾರಗಟ್ಟಲೆ ಬಿಡದ ಜ್ವರ, ಕವಾಟದ ನಾಶ, ಕೆಲವೊಮ್ಮೆ ಸಾವು. ಹೃದಯದ ಒಳಪದರದ ಈ ಸೋಂಕಿಗೆ ಎಂಡೊಕಾರ್ಡೈಟಿಸ್ ಎಂದು ಹೆಸರು. ಕೃತಕ ಕವಾಟವುಳ್ಳವರು ಹಲ್ಲು ಕೀಳಿಸುವ ಮುನ್ನ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕೆಂಬ ನಿಯಮ ಇದಕ್ಕಾಗಿಯೇ.

ಬಾಯಿ ಶುಚಿಯ ವಿಷಯದಲ್ಲಿ ನಮ್ಮ ಊರಿಗೆ ಹೆಸರು ಇಂದಿನದಲ್ಲ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ನಸುಗೆಂಪು ಹಲ್ಲುಪುಡಿ ಹಳೆಯ ಮೈಸೂರಿನ ಮನೆಮನೆಯ ಬಚ್ಚಲಿನಲ್ಲೂ ಇರುತ್ತಿತ್ತು. ನಂಜನಗೂಡು ಎಂದರೆ ರಸಬಾಳೆ ಮತ್ತು ಹಲ್ಲುಪುಡಿ ಎನ್ನುವವರು ಈಗಲೂ ಇದ್ದಾರೆ. ನಮ್ಮ ಮನೆಯಲ್ಲೂ ಅಣ್ಣ ತಮ್ಮಂದಿರು ಸಾಲಾಗಿ ಕೂತು ತೋರುಬೆರಳಿನಲ್ಲಿ ಉಜ್ಜಿದವರೇ. ಆದರೆ ಪುಡಿಯಾಗಲಿ, ಪೇಸ್ಟಾಗಲಿ, ಬೇವಿನ ಕಡ್ಡಿಯಾಗಲಿ ತಲುಪುವುದು ಹಲ್ಲಿನ ಹೊರಮೈಯನ್ನು. ಹಲ್ಲಿಗೂ ಒಸಡಿಗೂ ನಡುವೆ ಪಾಚಿ ಗಟ್ಟಿಯಾಗಿ ಕೂತು, ಒಸಡು ಸಡಿಲಗೊಂಡು ಸಣ್ಣ ಸಣ್ಣ ಜೇಬುಗಳಾದ ಮೇಲೆ ಅದರೊಳಗಿನ ಕೊಳೆಯನ್ನು ದಂತವೈದ್ಯರೇ ತೆಗೆಯಬೇಕು. ಅಂಥ ಜೇಬುಗಳನ್ನೆಲ್ಲ ಬಿಡಿಸಿ ಹಾಸಿದರೆ ಅಂಗೈಯ ಒಂದು ಭಾಗದಷ್ಟು ಗಾಯವಾದೀತು. ಕೈಮೇಲೆ ಅಷ್ಟು ದೊಡ್ಡ ಹುಣ್ಣು ಹತ್ತು ವರ್ಷ ಮಾಯದೆ ಇದ್ದರೆ ನಾವು ಸುಮ್ಮನಿರುತ್ತೇವೆಯೇ? ಬಾಯಲ್ಲಿ ಇದ್ದರೆ ಸುಮ್ಮನಿರುತ್ತೇವೆ.

ನನ್ನ ಅಣ್ಣ ಹಾಗೆಯೇ ಸುಮ್ಮನಿದ್ದವನು. ಉಗುಳು ಕೆಂಪಾಗಿದೆಯಲ್ಲ ಎಂದರೆ ‘ಪುಡಿಯ ಬಣ್ಣ’ ಎನ್ನುತ್ತಿದ್ದ. ಬಿಳಿ ಪೇಸ್ಟಿಗೆ ಬದಲಾದ ಮೇಲೂ ಉಗುಳು ಕೆಂಪಾಗಿಯೇ ಇತ್ತು. ಸಕ್ಕರೆ ಕಾಯಿಲೆ ಬೇರೆ. ಅದು ಒಸಡನ್ನು ಕೆಡಿಸುತ್ತದೆ, ಕೆಟ್ಟ ಒಸಡು ಸಕ್ಕರೆಯನ್ನು ಹತೋಟಿ ತಪ್ಪಿಸುತ್ತದೆ. ಇಪ್ಪತ್ತು ವರ್ಷ ಬೀಡಿ ಸೇದಿ ಬಿಟ್ಟಿದ್ದ. 2019ರ ಜನವರಿಯಲ್ಲಿ, ತನ್ನ ಅರವತ್ತೊಂದನೆಯ ವಯಸ್ಸಿನಲ್ಲಿ, ಮೈಕೈ ನೋವಿನ ಫ್ಲೂ ಜ್ವರ ಬಂದು ಮಲಗಿದ. ಐದನೆಯ ದಿನ ಜ್ವರ ಬಿಟ್ಟಿತು ಎಂದುಕೊಳ್ಳುವಾಗ ಎದೆ ಹಿಡಿದುಕೊಂಡ. ಮೈಸೂರಿಗೆ ಮುಟ್ಟಿಸಿ ಸ್ಟೆಂಟ್ ಹಾಕಿಸಿದ್ದರಿಂದ ಬದುಕಿದ. ಜ್ವರಕ್ಕೂ ಹೃದಯಾಘಾತಕ್ಕೂ ಕಾಕತಾಳೀಯವೆಂದೇ ನಾವು ತಿಳಿದಿದ್ದೆವು. ಆದರೆ ಹಿಂದಿನ ವರ್ಷವಷ್ಟೇ, 2018ರಲ್ಲಿ, ಕೆನಡಾದ ಒಂಟಾರಿಯೊದ ಸಂಶೋಧಕರು ಪ್ರಯೋಗಾಲಯದಲ್ಲಿ ಖಚಿತಪಟ್ಟ ಫ್ಲೂ ರೋಗಿಗಳ ದಾಖಲೆ ನೋಡಿ, ಪತ್ತೆಯಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಎಂದು ಪ್ರಕಟಿಸಿದ್ದರು.

ಏಕೆ ಹೀಗೆ? ಅಪಧಮನಿಯನ್ನು ನಾವು ಕೊಳಾಯಿಯಂತೆ, ಕೊಬ್ಬನ್ನು ಅದರೊಳಗೆ ಕಟ್ಟಿದ ಕೆಸರಿನಂತೆ ಕಲ್ಪಿಸಿಕೊಂಡಿದ್ದೇವೆ. ನಾನೂ ಮಕ್ಕಳಿಗೆ ಹಾಗೆಯೇ ಹೇಳಿಕೊಡುತ್ತಿದ್ದುದು, ಪುಸ್ತಕದಲ್ಲಿದ್ದದ್ದೇ ಅಷ್ಟು. ಆದರೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಜರ್ಮನಿಯ ರುಡಾಲ್ಫ್ ವಿರ್ಖೋ ಅಪಧಮನಿಯ ಗಂಟುಗಳಲ್ಲಿ ಉರಿಯೂತವನ್ನು ಕಂಡಿದ್ದ. ನೂರೈವತ್ತು ವರ್ಷ ಸರಿದ ಮೇಲೆ, 1999ರಲ್ಲಿ, ಅಮೆರಿಕದ ರಸೆಲ್ ರಾಸ್ ಇದನ್ನು ಉರಿಯೂತದ ರೋಗವೆಂದೇ ಕರೆದು ಬರೆದ. ಕೊಬ್ಬು ನಾಳದ ಗೋಡೆಯೊಳಗೆ ಸೇರುತ್ತದೆ; ಅದನ್ನು ತಿನ್ನಲು ಬಿಳಿ ರಕ್ತಕಣಗಳು ಬರುತ್ತವೆ; ತಿಂದು ತಿಂದು ಅಲ್ಲೇ ಸಾಯುತ್ತವೆ; ಇನ್ನಷ್ಟು ಬರುತ್ತವೆ. ಗಂಟು ಎಂದರೆ ಸತ್ತ ಕೆಸರಲ್ಲ, ಒಳಗೊಳಗೇ ಬೇಯುವ ಕುರು. ಅದರ ಮೇಲಿನ ತೆಳುಪೊರೆ ಹರಿದ ಗಳಿಗೆಯಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಮೈಯಲ್ಲಿ ಬೇರೆಲ್ಲೋ ಸೋಂಕಿನ ಯುದ್ಧ ನಡೆದಾಗ ಅದರ ಕಾವು ಈ ಕುರುವಿಗೂ ತಾಗುತ್ತದೆ, ರಕ್ತದ ಹೆಪ್ಪುಗಟ್ಟುವ ಗುಣವೂ ಹೆಚ್ಚುತ್ತದೆ, ಜ್ವರದ ದೆಸೆಯಿಂದ ಹೃದಯಕ್ಕೆ ದುಡಿಮೆಯೂ ಹೆಚ್ಚು. ಎಲ್ಲ ಸೇರಿ ಅಣ್ಣನ ಐದನೆಯ ದಿನವಾಗುತ್ತದೆ.

ಉರಿಯೂತ ಬರೀ ಸಾಕ್ಷಿಯೋ, ನಿಜವಾದ ಅಪರಾಧಿಯೋ ಎಂಬುದು ಬಹುಕಾಲದ ಚರ್ಚೆ. 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ಇದಕ್ಕೆ ಉತ್ತರ ಕೊಟ್ಟಿತು. ಹಿಂದೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಕೊಲೆಸ್ಟ್ರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಚುಚ್ಚುಮದ್ದನ್ನು ಪರೀಕ್ಷಿಸಿದರು. ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಶೇಕಡಾ 15ರಷ್ಟು ಕಡಿಮೆಯಾದವು. ಹಾಗೆಂದು ಅದು ಎಲ್ಲರ ಔಷಧವಾಗಲಿಲ್ಲ: ಬೆಲೆ ಆಕಾಶಕ್ಕೆ, ಜೊತೆಗೆ ಸೋಂಕಿನಿಂದ ಸಾಯುವವರು ತುಸು ಹೆಚ್ಚಿದರು. ನಂಜಿನೊಡನೆ ಕಾದಾಡುವ ಸೈನ್ಯವನ್ನೇ ಮಲಗಿಸಿದರೆ ಕೋಟೆ ಕಾಯುವವರಾರು?

ಇನ್ನೊಂದು ಔಷಧದ ಕಥೆ ನಮಗೆ ಹತ್ತಿರದ್ದು. ಮಳೆಗಾಲದಲ್ಲಿ ಬೇಲಿಗಳ ಮೇಲೆ ಬೆಂಕಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆಯನ್ನು ನೀವು ನೋಡಿರಬಹುದು. ಗಡ್ಡೆಯಿಂದ ಹೂವಿನವರೆಗೆ ಇಡೀ ಗಿಡ ಘೋರ ವಿಷ. ಅದರಲ್ಲಿರುವ ಕಾಲ್ಚಿಸಿನ್ ಎಂಬ ವಸ್ತು ಗೌಟ್ ರೋಗಕ್ಕೆ ಹಳೆಯ ಮದ್ದು. ಅತ್ಯಲ್ಪ ಪ್ರಮಾಣದ ಅದೇ ಕಾಲ್ಚಿಸಿನ್ ಹೃದ್ರೋಗಿಗಳಲ್ಲಿ ಮತ್ತೊಂದು ಆಘಾತವನ್ನು ತಡೆಯಲು ನೆರವಾಗುತ್ತದೆಂದು 2019 ಮತ್ತು 2020ರ ಪ್ರಯೋಗಗಳು ಹೇಳಿದವು. 2024ರ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ವೈದ್ಯರು ಅಳೆದು ಕೊಟ್ಟರೆ ಮದ್ದು, ಬೇಲಿಯಿಂದ ಕಿತ್ತರೆ ಮೃತ್ಯು.

ಹಾಗಾದರೆ ಒಸಡಿನ ರೋಗಾಣುಗಳೇ ಹೃದಯಾಘಾತ ತರುತ್ತವೆಯೇ? ಇಲ್ಲಿ ತಾಳ್ಮೆ ಬೇಕು. ಫಿನ್ಲೆಂಡಿನವರು ಇದರ ಬೆನ್ನು ಹತ್ತಿ ಬಹಳ ವರ್ಷವಾಯಿತು. 1988ರಲ್ಲಿ ಅಲ್ಲಿನ ಹೃದ್ರೋಗಿಗಳ ರಕ್ತದಲ್ಲಿ ಕ್ಲಮೈಡಿಯ ಎಂಬ ಶ್ವಾಸಕೋಶದ ರೋಗಾಣುವಿನ ಗುರುತು ಸಿಕ್ಕಿತು. 1989ರಲ್ಲಿ ಹೃದಯಾಘಾತವಾದವರ ಹಲ್ಲುಗಳು ಉಳಿದವರಿಗಿಂತ ಕೆಟ್ಟಿವೆ ಎಂದು ಕಂಡಿತು. 2025ರಲ್ಲಿ ಅಪಧಮನಿಯ ಗಂಟುಗಳೊಳಗೇ ಬಾಯಿಯ ಸ್ಟ್ರೆಪ್ಟೊಕಾಕಸ್‌ಗಳ ಕುರುಹು ಸಿಕ್ಕಿದ ವರದಿ ಬಂತು. ಆದರೆ ಆಂಟಿಬಯಾಟಿಕ್ ಕೊಟ್ಟು ಹೃದ್ರೋಗ ತಡೆಯುವ ಪ್ರಯತ್ನ ಸೋತಿತು. ನಾಲ್ಕು ಸಾವಿರ ಹೃದ್ರೋಗಿಗಳ ಮೇಲೆ ಒಂದು ವರ್ಷ ಅಜಿಥ್ರೊಮೈಸಿನ್ ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2005ರಲ್ಲಿ ಬಂದಾಗ, ಗುಳಿಗೆ ನುಂಗಿದವರಿಗೂ ನುಂಗದವರಿಗೂ ವ್ಯತ್ಯಾಸವೇ ಇರಲಿಲ್ಲ. ಕೆಟ್ಟ ಒಸಡಿಗೂ ಹೃದ್ರೋಗಕ್ಕೂ ನಂಟಿರುವುದು ನಿಜ, ಆದರೆ ಒಸಡನ್ನು ಸರಿಪಡಿಸಿದರೆ ಹೃದಯಾಘಾತ ತಪ್ಪುತ್ತದೆಂಬುದಕ್ಕೆ ಪುರಾವೆ ಸಾಲದು ಎಂದು ಅಮೆರಿಕದ ಹೃದ್ರೋಗ ಸಂಘ 2012ರಲ್ಲಿ ಹೇಳಿತು.

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚೆಂಬ ನಂಬಿಕೆ. ಒಸಡಿನ ನಂಜನ್ನು ನಾನು ಹೀಗೆಯೇ ತೂಗುತ್ತೇನೆ. ಒಂದು ತಟ್ಟೆಯಲ್ಲಿ ತಂಬಾಕು, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಎಂಬ ದೊಡ್ಡ ಕಲ್ಲುಗಳಿವೆ. ಅವನ್ನು ಬಿಟ್ಟು ಬರೀ ಹಲ್ಲುಜ್ಜಿದರೆ ಪ್ರಯೋಜನವಿಲ್ಲ. ಆದರೆ ತಕ್ಕಡಿ ಸಮನಾಗಿ ನಿಂತಿದ್ದಾಗ ಒಂದು ಗುಲಗಂಜಿಯೂ ಅದನ್ನು ವಾಲಿಸಬಲ್ಲದು.

2025ರ ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜಾತ್ರೆಯಂತೆ ಜನ ಸೇರಿದ್ದರು. ಏನೂ ತೊಂದರೆಯಿಲ್ಲದವರೂ ಬೆಳಗಿನ ಜಾವದಿಂದ ಸಾಲಿನಲ್ಲಿದ್ದರು. ಭಯ ಸಹಜ. ಆದರೆ ಒಂದು ದಿನದ ಇಸಿಜಿಗಿಂತ ಹೆಚ್ಚು ಕೆಲಸಕ್ಕೆ ಬರುವ ಸಂಗತಿಗಳು ಮನೆಯಲ್ಲೇ ಇವೆ. ಮಗುವಿಗೆ ನೆಗಡಿ, ಕೆಮ್ಮು ಇಲ್ಲದೆ ಒಮ್ಮೆಲೇ ಜ್ವರ, ಗಂಟಲು ನೋವು, ಕತ್ತಿನ ಗಂಟುಗಳ ಊತ ಬಂದರೆ ವೈದ್ಯರಿಗೆ ತೋರಿಸಿ. ಹೆಚ್ಚಿನ ಗಂಟಲು ನೋವು ವೈರಸ್ಸಿನದು, ಅದಕ್ಕೆ ಆಂಟಿಬಯಾಟಿಕ್ ಬೇಡ. ಯಾವುದಕ್ಕೆ ಬೇಕೆಂದು ಅವರು ಹೇಳಲಿ, ಅಂಗಡಿಯವರಲ್ಲ. ಗಂಟಲು ನೋವಿನ ಬೆನ್ನಿಗೆ ಕೀಲು ಊದಿದರೆ ಎಣ್ಣೆ ತಿಕ್ಕಿ ಕೂರಬೇಡಿ. ಒಸಡಿನಲ್ಲಿ ರಕ್ತ ಬಂದರೆ ದಂತವೈದ್ಯರಿಗೆ ಬಾಯಿ ತೋರಿಸಿ. ಹೃದ್ರೋಗವಿರುವ ಹಿರಿಯರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ವಿಚಾರ ಕೇಳಿ. ಹೃದಯಾಘಾತವಾದವರಿಗೆ ಆ ಲಸಿಕೆ ಹಾಕಿದಾಗ ಮುಂದಿನ ಒಂದು ವರ್ಷದಲ್ಲಿ ಸಾವು ಕಡಿಮೆಯಾದದ್ದು 2021ರ ಪ್ರಯೋಗದಲ್ಲಿ ಕಂಡಿದೆ. ಎದೆ ಹಿಡಿದರೆ ಹೊತ್ತು ಕಳೆಯದೆ ತಾಲ್ಲೂಕು ಆಸ್ಪತ್ರೆಗೆ ಓಡಿ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬೇಡ ಎಂದು ಹಿರಿಯರು ಹೇಳಿದ್ದು ಬೇರೆ ಸಂದರ್ಭಕ್ಕಿರಬಹುದು. ಒಂದು ಪೆನ್ಸಿಲಿನ್ ಸೂಜಿಯಲ್ಲಿ ಹೋಗಬಹುದಾಗಿದ್ದ ನಂಜಿಗೆ ನನ್ನ ತಂಗಿ ಎದೆಯನ್ನೇ ಸೀಳಿಸಿಕೊಳ್ಳಬೇಕಾಯಿತು. ಅವಳಿಗೀಗ ಮೊಮ್ಮಕ್ಕಳಿದ್ದಾರೆ. ಊರಿನ ಶಾಲೆಯಲ್ಲಿ ಯಾವ ಮಗು ಗಂಟಲು ನೋವೆಂದರೂ ಕರೆದು, ಬಾಯಿ ತೆರೆಸಿ, ಟಾರ್ಚ್ ಹಿಡಿದು ನೋಡುತ್ತಾಳೆ. ಮಕ್ಕಳು ಅವಳಿಗೆ ‘ಟಾರ್ಚಜ್ಜಿ’ ಎಂದು ಹೆಸರಿಟ್ಟಿದ್ದಾರೆ. ಅವಳಿಗೆ ಅದರ ಬಗ್ಗೆ ಬೇಸರವೇನೂ ಇಲ್ಲ.